ಒಂದು ಕುಡ್ತೆ ತುಪ್ಪ, ಒಂದು ಕುಡ್ತೆ ಜೇನು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆ ಅಂದು ಹಸಿರು ಸೀರೆ ಉಟ್ಟಿದ್ದರು ಎಂದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆ ಹಸಿರು ಸೀರೆಯನ್ನು ಅವರಿಗೆ ಕಳಿಸಿದ್ದು ನಾನೇ, ಇದೆಲ್ಲ ಆದ ಮುಂದಿನ ವರ್ಷ. ಅಂದರೆ ಕಣ್ಣಿಗೆ ಕಟ್ಟಿದ್ದು ಸುಳ್ಳು. ಅಂದು ಮಳೆ ಬರುತ್ತಿತ್ತು ಎನ್ನುತ್ತದೆ ನನ್ನ ನೆನಪು. ಮಗುವಿನ ಬಟ್ಟೆಯನ್ನು ಬಿಸಿಲಿಗೆ ಹಾಕಿದ್ದೆವು ಎನ್ನುತ್ತಾಳೆ ಅವ್ವ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ, ಆ ಸಾಕ್ಷಿಗೆ ಸಿಟ್ಟಿದ್ದರೆ ಇನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ಸಾಕ್ಷಿ ನಾನೊಬ್ಬಳೇ, ಮತ್ತು ನನಗೆ ಸಿಟ್ಟಿದೆ. ಹೈಸ್ಕೂಲಿನಿಂದ ದಿನಚರಿ ಬರೆಯುವ ಅಭ್ಯಾಸವಿದ್ದರೂ ಬಾಣಂತಿಯಾಗಿದ್ದ ಆ ತಿಂಗಳುಗಳಲ್ಲಿ ನಾನು ಒಂದು ಸಾಲೂ ಬರೆದಿಲ್ಲ.

ತಪ್ಪಿರಲಾರದ್ದು ಇಷ್ಟು. ನನಗೆ ಮಗಳು ಹುಟ್ಟಿದಳು. ಅತ್ತೆ ಬಂದು ಬಾಣಂತಿಗೆ ಕೊಡುವ ಲೇಹ ಮಾಡಿದರು. ನನಗೆ ಕಾಯಿಲೆಯಾಯಿತು. ಅತ್ತೆಯ ಲೇಹವೇ ವಿಷವಾಗಿದೆ ಎಂದು ಮನೆಯವರು ತೀರ್ಮಾನಿಸಿದರು. ಆಮೇಲೆ ನಮ್ಮ ಕುಟುಂಬದಲ್ಲಿ ಯಾರೂ ಅವರ ಕೈಯಿಂದ ಲೇಹ ಮಾಡಿಸಲಿಲ್ಲ. ಈಗ ಅಣ್ಣನ ಮಗಳಿಗೆ ದಿನ ತುಂಬುತ್ತಾ ಬಂದಿದೆ. ಅತ್ತೆಯನ್ನು ಕರೆಯುತ್ತಾರೋ ಇಲ್ಲವೋ ಎನ್ನುವುದೊಂದೇ ಈಗ ನನ್ನ ತಲೆಯಲ್ಲಿ ಕೊರೆಯುತ್ತಿರುವುದು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮಂಡೆಕೋಲಿಗೆ ಮದುವೆಯಾಗಿ ಹೋದವರು. ಮರ್ಕಂಜವಿರಲಿ ಕಡಬವಿರಲಿ, ನಮ್ಮ ಸಂಬಂಧಿಕರಲ್ಲಿ ಯಾರಿಗಾದರೂ ಹೆರಿಗೆಯಾದರೆ ಆಸ್ಪತ್ರೆಯಿಂದ ಮೊದಲ ಫೋನು ಮಗುವಿನ ತಂದೆಗೆ, ಎರಡನೆಯದು ಅತ್ತೆಗೆ. ಅವರು ಬಟ್ಟೆಯ ಚೀಲವೊಂದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಚೀಲದಲ್ಲಿ ಎರಡು ಸೀರೆ, ಎಲೆಯಡಿಕೆಯ ಡಬ್ಬಿ, ಬೈರಾಸು ಟವೆಲಿನಲ್ಲಿ ಸುತ್ತಿದ ಒಂದು ಹಿತ್ತಾಳೆಯ ಕುಡ್ತೆ. ಕುಡ್ತೆ ಎಂದರೆ ನಮ್ಮ ಕಡೆ ಹಾಲು, ಎಣ್ಣೆ ಅಳೆಯುವ ಸಣ್ಣ ಪಾತ್ರೆ. ಎಲ್ಲರ ಮನೆಯಲ್ಲೂ ಒಂದೊಂದು ಇದ್ದೇ ಇರುತ್ತಿತ್ತು, ಆದರೆ ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಹಾಗಾಗಿ ಅತ್ತೆ ತಮ್ಮದನ್ನೇ ತರುತ್ತಿದ್ದರು. ಅದರ ಅಂಚು ಒಂದು ಕಡೆ ಚಪ್ಪಟೆಯಾಗಿತ್ತು, ಯಾವಾಗಲೋ ಬಿದ್ದದ್ದು.

ನನ್ನ ತವರು ಸುಳ್ಯ ಪೇಟೆಯಲ್ಲಿ, ಅಣ್ಣನ ಹಾರ್ಡ್‌ವೇರ್ ಅಂಗಡಿಯ ಹಿಂದೆ. ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ನನ್ನನ್ನೂ ಮಗುವನ್ನೂ ಮಲಗಿಸಿದ್ದರು. ಬಾಗಿಲಿಗೆ ಒಂದು ಪರದೆ ಮಾತ್ರ. ಹಾಗಾಗಿ ನಾನು ಕಂಡದ್ದು ಕಡಿಮೆ, ಕೇಳಿದ್ದು ಹೆಚ್ಚು. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲೂ ಎಷ್ಟು ಸೋರಿದೆಯೋ ಗೊತ್ತಿಲ್ಲ.

ಲೇಹ ಕಾಯಿಸಿದ ದಿನ ಬೆಳಗ್ಗಿನಿಂದ ಮನೆಯಿಡೀ ಬೆಳ್ಳುಳ್ಳಿ ಬೇಯುವ ವಾಸನೆ. ಉರುಳಿಯಲ್ಲಿ ತಾಟಿಬೆಲ್ಲದ ಪಾಕ, ಕಾಯಿಹಾಲು, ಮೆಂತೆ, ಕರಿಮೆಣಸು. ಅವ್ವ ಹೇಳುತ್ತಿದ್ದಳು:

"ಅಕ್ಕಾ, ಈ ಸರ್ತಿ ಬೆಳ್ಳುಳ್ಳಿ ಸ್ವಲ್ಪ ಕಡಿಮೆ ಹಾಕುವ. ಇವಳಿಗೆ ವಾಸನೆ ಆಗುದಿಲ್ಲ."

"ವಾಸನೆ ಆಗದಿದ್ರೆ ಮೂಗು ಮುಚ್ಚಿ ತಿನ್ಲಿ. ಹೆರುವಾಗ ಬಾಯಿ ಮುಚ್ಚು ಅಂತ ಹೇಳಿದ್ರೆ ಕೇಳಿದ್ಲಾ? ಇಡೀ ಆಸ್ಪತ್ರೆಗೆ ಕೇಳಿದೆಯಂತೆ ಇವಳ ಬೊಬ್ಬೆ."

"ಅತ್ತೇ, ನಂಗೆ ಇಲ್ಲಿಗೆ ಕೇಳ್ತದೆ!" ಎಂದೆ ಪರದೆಯ ಈಚೆಯಿಂದ.

"ಕೇಳ್ಲಿ ಅಂತ್ಲೇ ಹೇಳಿದ್ದು ಮಾರಾಯ್ತಿ. ಮಲಗು ಸುಮ್ನೆ."

ತುಪ್ಪ ಅಳೆಯುವಾಗ ಮಾತ್ರ ಅತ್ತೆ ನನ್ನನ್ನು ಕರೆದರು. ಪರದೆ ಸರಿಸಿ, ಗೋಡೆ ಹಿಡಿದುಕೊಂಡು ನಿಂತೆ. ಇದನ್ನು ನಾನು ಕಣ್ಣಾರೆ ಕಂಡದ್ದು. ಕರಗಿದ ತುಪ್ಪವನ್ನು ಕುಡ್ತೆಯ ಅಂಚಿನವರೆಗೆ ಹೊಯ್ದರು, ಉರುಳಿಗೆ ಸುರಿದರು. ಆಮೇಲೆ ಕುಡ್ತೆಯನ್ನು ತೊಳೆಯಲು ಎತ್ತಿಕೊಂಡ ಅವ್ವನ ಕೈಯಿಂದ ಅದನ್ನು ಕಸಿದುಕೊಂಡರು.

"ತೊಳೆಯಬೇಡ. ಲೇಹ ಆರಿದ ಮೇಲೆ ಇದರಲ್ಲೇ ಜೇನು ಹಿಡೀಲಿಕ್ಕುಂಟು. ತುಪ್ಪದ ಪಸೆ ಇದ್ರೆ ಜೇನು ಪೂರ್ತಿ ಜಾರಿ ಬರ್ತದೆ. ಇಲ್ಲದಿದ್ರೆ ಅರ್ಧ ಕುಡ್ತೆಯಲ್ಲೇ ಕೂತ್ಕೊಳ್ತದೆ. ನೋಡಿಟ್ಕೋ ನೀನು. ನಾನು ಹೋದ ಮೇಲೆ ಯಾರಾದ್ರೂ ಮಾಡ್ಬೇಕಲ್ಲ."

"ನಂಗೆ ಇದೆಲ್ಲ ಬರುದಿಲ್ಲ ಅತ್ತೆ."

"ಬರುದಿಲ್ಲ ಅಂತ ಹೇಳ್ಲಿಕ್ಕೆ ಇಷ್ಟು ಓದ್ಬೇಕಿತ್ತಾ? ಒಂದು ಕುಡ್ತೆ ತುಪ್ಪ, ಒಂದು ಕುಡ್ತೆ ಜೇನು. ಇಷ್ಟೇ. ಎರಡನೇ ಕ್ಲಾಸಿನ ಲೆಕ್ಕ."

ಮಧ್ಯಾಹ್ನ ಕಳೆದು ಜೇನು ಬೆರೆಸಿದರು. ಸಂಜೆ ನನ್ನ ಬಾಯಿಗೆ ನೆಲ್ಲಿಕಾಯಿಯಷ್ಟು ದೊಡ್ಡ ಉಂಡೆ. ನಿಜ ಹೇಳಬೇಕೆಂದರೆ ನನಗದು ರುಚಿಸಲಿಲ್ಲ.

ಎಷ್ಟು ದಿನ ತಿಂದೆ ಎಂದು ನೆನಪಿಲ್ಲ. ಒಂದು ಬೆಳಗ್ಗೆ ವಾಂತಿ ಶುರುವಾಯಿತು, ಚಳಿ ಹಿಡಿಯಿತು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಅವ್ವ ಅಳುತ್ತಾ ಅಂಗಡಿಗೆ ಓಡಿದಳು. ಅಣ್ಣ ಬಂದ. ಅವನ ಕೈಯಲ್ಲಿ ಮೊಬೈಲು. ಯಾರೋ ಯಾವಾಗಲೋ ಕಳಿಸಿದ್ದ ಸಂದೇಶವನ್ನು ಹುಡುಕಿ ತೆಗೆದಿದ್ದ. ಜೇನು ಮತ್ತು ತುಪ್ಪ ಸಮತೂಕದಲ್ಲಿ ಸೇರಿದರೆ ವಿಷ ಎಂದು ಅದರಲ್ಲಿತ್ತು. ಇದು ಹೊಸ ಮಾತೇನೂ ಅಲ್ಲ. ನಮ್ಮಲ್ಲಿ ಹಿರಿಯರೆಲ್ಲ ಹೇಳುವುದೇ. ಅತ್ತೆಗೂ ಗೊತ್ತಿದ್ದದ್ದೇ. ನಾನು ಮಂಚದ ಮೇಲಿದ್ದೆ, ಅವರೆಲ್ಲ ಅಡಿಗೆಮನೆಯಲ್ಲಿದ್ದರು.

"ಅತ್ತೇ, ನೀವು ಲೇಹಕ್ಕೆ ತುಪ್ಪ ಎಷ್ಟು ಹಾಕಿದ್ದು?"

"ಒಂದು ಕುಡ್ತೆ."

"ಜೇನು?"

"ಒಂದು ಕುಡ್ತೆ. ಯಾಕೆ ಮಾರಾಯ?"

"ಯಾಕೆ ಅಂತ ನನ್ನತ್ರ ಕೇಳ್ತೀರಾ? ಸಮ ಹಾಕಿದ್ರೆ ವಿಷ ಅಂತ ಇಲ್ಲಿ ಉಂಟು, ಓದ್ಲಾ? ಅವಳು ಅಲ್ಲಿ ವಾಂತಿ ಮಾಡಿ ಮಾಡಿ ಸಾಯ್ಲಿಕ್ಕಾಗಿದೆ."

"ನಿನ್ನಜ್ಜಿ ಹಾಕ್ತಾ ಇದ್ದದ್ದೂ ಇಷ್ಟೇ. ನೀನು ಹುಟ್ಟಿದಾಗ ನಿನ್ನ ಅವ್ವ ತಿಂದದ್ದೂ ಇದೇ ಲೇಹ. ಕೇಳು ಬೇಕಾದ್ರೆ, ಇಲ್ಲೇ ಇದ್ದಾಳೆ."

"ಆಗ ಎಷ್ಟು ಹಾಕಿದ್ದು ಅಂತ ನಿಮಗೆ ಈಗ ನೆನಪುಂಟಾ? ಪ್ರಾಯ ಆಯ್ತು ಅತ್ತೆ. ಎಲ್ಲಿಯೋ ಲೆಕ್ಕ ತಪ್ಪಿದೆ ನಿಮಗೆ. ಬೇಕು ಅಂತ ಮಾಡಿದ್ದು ಅಂತ ನಾನು ಹೇಳುದಿಲ್ಲ."

ಬೇಕು ಅಂತ ಮಾಡಿದ್ದು ಅಂತ ನಾನು ಹೇಳುದಿಲ್ಲ. ಈ ಮಾತು ಮಾತ್ರ ನನಗೆ ಅಕ್ಷರ ಅಕ್ಷರ ನೆನಪಿದೆ. ಹಾಗೆ ಹೇಳಿದ್ದರೆ ಅತ್ತೆ ಅವನ ಕೆನ್ನೆಗೆ ಬಾರಿಸುತ್ತಿದ್ದರೋ ಏನೋ. ಜಗಳವಾಗಿ, ಬೊಬ್ಬೆಯಾಗಿ, ಮುಗಿಯುತ್ತಿತ್ತು. ಅವನು ಅವರ ಮೇಲೆ ಕರುಣೆ ತೋರಿಸಿದ. ಅದಕ್ಕೆ ಏನೆಂದು ಉತ್ತರ ಕೊಡುವುದು?

ಅವ್ವ ಮೆಲ್ಲಗೆ ಹೇಳಿದಳು, "ಅಕ್ಕಾ, ಅವ ಹೇಳುದು ಸರಿಯೋ ಏನೋ. ಹಾಲು ಕೊಡುವವಳು ಇವಳು. ಇನ್ನು ಆ ಲೇಹ ಬೇಡ."

ಹಿತ್ತಲಿನ ಬಾಗಿಲು ತೆರೆದ ಸದ್ದು, ಭರಣಿಯನ್ನು ಸೌಟಿನಿಂದ ಕೆರೆಯುವ ಸದ್ದು. ಯಾರು ಚೆಲ್ಲಿದ್ದು ಎಂದು ಕಾಣಲಿಲ್ಲ. ಅತ್ತೆಯೇ ಚೆಲ್ಲಿ ಬಂದರು ಎಂದು ಅವ್ವ ಈಗ ಹೇಳುತ್ತಾಳೆ. ಅದು ನಿಜವಾಗಿದ್ದರೆ ಇನ್ನೂ ಕೆಟ್ಟದ್ದು.

ಅಣ್ಣ ನನ್ನನ್ನು ಕಾರಿನಲ್ಲಿ ಮಲಗಿಸಿ ಪುತ್ತೂರಿಗೆ ಕರೆದುಕೊಂಡು ಹೋದ. ದಾರಿಯಿಡೀ ತಿರುಗಿ ತಿರುಗಿ ನೋಡುತ್ತಿದ್ದ, ಅವನ ಕಣ್ಣು ಕೆಂಪಾಗಿತ್ತು. ಇದನ್ನೂ ಬರೆಯದಿದ್ದರೆ ನಾನು ಮೋಸ ಮಾಡಿದ ಹಾಗೆ. ಡಾಕ್ಟರು ಪರೀಕ್ಷೆ ಮಾಡಿಸಿದರು, ಮೂತ್ರದಲ್ಲಿ ಸೋಂಕಿದೆ ಎಂದರು, ಮಾತ್ರೆ ಬರೆದುಕೊಟ್ಟರು. ಲೇಹದ ವಿಷಯವನ್ನು ಅಣ್ಣ ಹೇಳಿದಾಗ ಅವರು ತಲೆಯೆತ್ತಲೂ ಇಲ್ಲ. ಮಾತ್ರೆ ತಿಂದೆ, ಗುಣವಾಯಿತು. ಊರಿಗೆಲ್ಲ ಹಬ್ಬಿದ ಸುದ್ದಿ ಮಾತ್ರ ಬೇರೆ. ಲೇಹ ನಿಲ್ಲಿಸಿದ್ದಕ್ಕೇ ಬದುಕಿಕೊಂಡಳಂತೆ.

ಅತ್ತೆ ಮರುದಿನ ಬೆಳಗ್ಗಿನ ಬಸ್ಸಿಗೆ ಹೊರಟರು. ಮಗುವಿನ ಹಣೆ ಮುಟ್ಟಿದರು, ನನ್ನ ಮುಖ ನೋಡಲಿಲ್ಲ. ಅವರು ಹೋದ ಮೇಲೆ ನೋಡಿದರೆ ಹಿತ್ತಾಳೆಯ ಕುಡ್ತೆ ನಮ್ಮ ಪಾತ್ರೆಗಳ ನಡುವೆ ಬೋರಲಾಗಿ ಕೂತಿತ್ತು. "ನೋಡು, ಜೀವದ ಹಾಗೆ ಇದ್ದ ಕುಡ್ತೆಯನ್ನೇ ಮರ್ತು ಹೋಗಿದ್ದಾರೆ" ಎಂದಳು ಅವ್ವ. "ಮರೆವು ಬಂದದ್ದು ಹೌದು ಹಾಗಾದ್ರೆ." ಬೇಕೆಂದೇ ಬಿಟ್ಟು ಹೋದದ್ದಿರಬಹುದು ಎಂದು ಯಾರಿಗೂ ತೋಚಲಿಲ್ಲ. ಕುಡ್ತೆಯನ್ನು ನಾನು ಪುತ್ತೂರಿನ ನನ್ನ ಮನೆಗೆ ತಂದೆ. ಇವತ್ತಿಗೂ ನನ್ನಲ್ಲೇ ಇದೆ.

ಅಣ್ಣ ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಅವನು ಲೇಹವನ್ನು ತಿದ್ದಲು ಹೊರಟ. ತುಪ್ಪ ಒಂದೂವರೆ ಕುಡ್ತೆ, ಜೇನು ಒಂದು ಕುಡ್ತೆ, ಸಮವಾಗಬಾರದು, ಎಲ್ಲರೂ ಗಮನಿಸಿ ಎಂದು ಕುಟುಂಬದ ಗ್ರೂಪಿಗೆ ಹಾಕಿದ. ಕೆಳಗೆ ಕೈಮುಗಿಯುವ ಚಿತ್ರಗಳ ಸಾಲು. ಆಮೇಲಿನ ಎಲ್ಲ ಹೆರಿಗೆಗಳಿಗೂ ಅದೇ ಲೆಕ್ಕದಲ್ಲಿ ಅವ್ವ ಲೇಹ ಮಾಡಿದಳು. ಕಡಬಕ್ಕೂ ಹೋಯಿತು, ಮರ್ಕಂಜಕ್ಕೂ ಹೋಯಿತು. ಗ್ರೂಪಿನಲ್ಲಿ ಅತ್ತೆಯ ಮಗನೂ ಇದ್ದಾನೆ. ಅವನು ಅದನ್ನು ಅತ್ತೆಗೆ ಓದಿ ಹೇಳಿದನೋ ಇಲ್ಲವೋ ತಿಳಿಯದು.

ನನ್ನ ಮಗಳಿಗೆ ಈಗ ಕೇಕಿನ ಹುಚ್ಚು. ಮೊಬೈಲಿನಲ್ಲಿ ನೋಡಿ ಮಾಡುವ ಕೇಕಿನ ಲೆಕ್ಕವೆಲ್ಲ ಗ್ರಾಮಿನಲ್ಲಿ. ಎಣ್ಣೆ ಇಷ್ಟು ಗ್ರಾಂ, ಹಾಲು ಇಷ್ಟು ಗ್ರಾಂ. ನನ್ನ ಅಡಿಗೆಮನೆಯಲ್ಲಿದ್ದದ್ದು ಮಿಲಿಲೀಟರಿನ ಗೆರೆಯಿರುವ ಒಂದು ಪ್ಲಾಸ್ಟಿಕ್ ಲೋಟ. ಮಿಲಿಲೀಟರ್ ಎಂದರೂ ಗ್ರಾಂ ಎಂದರೂ ಒಂದೇ ಎಂದು ತಿಳಿದು ಜೇನಿನ ಕೇಕೊಂದನ್ನು ಮಾಡಿದೆವು. ನಡುವೆ ಕುಸಿದು, ಅಂಟು ಅಂಟಾಗಿ, ಮೇಲೆ ಸೀದುಹೋಗಿತ್ತು. "ಅಮ್ಮಾ, ಇದು ಕೇಕಲ್ಲ, ಫೆವಿಕಾಲು" ಎಂದಳು ಮಗಳು. ಆಮೇಲೆ ಅಡಿಗೆಗೊಂದು ಸಣ್ಣ ತಕ್ಕಡಿ ತಂದೆ. ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ ಹೊಯ್ದರೆ ಆಯಿತು. ನೀರಿಗೆ ಮಾತ್ರ ಎರಡು ಲೆಕ್ಕವೂ ಒಂದೇ. ಎಣ್ಣೆ ಹಗುರ, ಹಾಲು ಸ್ವಲ್ಪವೇ ಭಾರ, ಜೇನು ಬಹಳ ಭಾರ. ಶಾಲೆಯಲ್ಲಿ ಸಾಂದ್ರತೆ ಎಂದು ಬಾಯಿಪಾಠ ಮಾಡಿದ್ದು ಇದನ್ನೇ ಎಂದು ಹೊಳೆದಾಗ ನಗು ಬಂತು. ಅತ್ತೆಯ ನೆನಪು ಆಗಲೂ ಆಗಲಿಲ್ಲ. ಎರಡೂ ನನ್ನ ತಲೆಯಲ್ಲೇ ಇದ್ದವು, ಒಂದಕ್ಕೊಂದು ತಾಗಲಿಲ್ಲ.

ತಾಗಿಸಿದ್ದು ಅಣ್ಣನ ಮಗಳು. ಸೀಮಂತಕ್ಕೆಂದು ತವರಿಗೆ ಬಂದಿದ್ದವಳು ಒಂದು ದಿನ ನನ್ನಲ್ಲಿಗೆ ಊಟಕ್ಕೆ ಬಂದಳು. ಕಪಾಟಿನಲ್ಲಿದ್ದ ಕುಡ್ತೆಯನ್ನು ಕಂಡು ಎತ್ತಿಕೊಂಡಳು.

"ಇದು ಮಂಡೆಕೋಲು ಅಜ್ಜಿಯದ್ದಲ್ಲಾ? ನನ್ನ ಲೇಹ ಅವರೇ ಮಾಡುದಾ?"

"ನಿನ್ನ ಅಪ್ಪ ಬಿಡ್ಬೇಕಲ್ಲ."

"ಎಂತದ್ದು ಬಿಡುದು? ಆ ಸರ್ತಿ ನಿಮ್ಮ ಲೇಹವನ್ನು ನಿಮಗಿಂತ ಹೆಚ್ಚು ತಿಂದದ್ದು ನಾನು. ಕಾಲೇಜಿಂದ ಬಂದ ಕೂಡ್ಲೆ ಭರಣಿಗೆ ಕೈ. ನಂಗೆ ಎಂತದೂ ಆಗ್ಲಿಲ್ಲ. ತೂಕ ಜಾಸ್ತಿ ಆಯ್ತು ಅಷ್ಟೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಕದ್ದು ತಿಂದದ್ದನ್ನು ಹೇಳುದುಂಟಾ? ಬಾಣಂತಿ ಲೇಹ ತಿಂದ್ಲು ಅಂತ ಅಪ್ಪ ಬೆನ್ನು ಮುರೀತಿದ್ರು."

ಅವಳು ನಗುತ್ತಲೇ ಹೋದಳು. ನಾನು ಮಾತ್ರ ಕುಡ್ತೆ ಹಿಡಿದುಕೊಂಡು ನಿಂತೇ ಇದ್ದೆ. ಸಮತೂಕ. ಆ ಸಂದೇಶದಲ್ಲಿ ಇದ್ದದ್ದು ತೂಕ. ಅತ್ತೆ ಹಾಕಿದ್ದು ಅಳತೆ.

ತುಪ್ಪ ಕರಗಿಸಿದೆ. ಕುಡ್ತೆಯನ್ನು ತಕ್ಕಡಿಯ ಮೇಲಿಟ್ಟು ಮೊದಲು ನೀರು, ಒರೆಸಿ ತುಪ್ಪ, ತೊಳೆಯದೆ ಜೇನು. ನೀರು ನೂರು ಗ್ರಾಂ ಹಿಡಿಯುವಲ್ಲಿ ತುಪ್ಪ ತೊಂಬತ್ತು ಚಿಲ್ಲರೆ, ಜೇನು ನೂರ ನಲವತ್ತರ ಹತ್ತಿರ. ಆ ಲೆಕ್ಕದಲ್ಲಿ ಒಂದು ಕುಡ್ತೆ ತುಪ್ಪ ಮತ್ತು ಒಂದು ಕುಡ್ತೆ ಜೇನು ಸಮವಲ್ಲ. ಸಮದ ಹತ್ತಿರಕ್ಕೂ ಬರುವುದಿಲ್ಲ. ಅತ್ತೆಯ ಲೇಹದಲ್ಲಿ ಜೇನಿನ ತೂಕ ತುಪ್ಪದ ಒಂದೂವರೆ ಪಟ್ಟು.

ಆಮೇಲೆ ಅಣ್ಣನ ಲೆಕ್ಕವನ್ನು ತೂಗಿದೆ. ಒಂದೂವರೆ ಕುಡ್ತೆ ತುಪ್ಪ. ಒಂದು ಕುಡ್ತೆ ಜೇನು. ತಕ್ಕಡಿಯ ಅಂಕಿ ನೋಡಿದೆ, ನಂಬದೆ ಇನ್ನೊಮ್ಮೆ ತೂಗಿದೆ. ವ್ಯತ್ಯಾಸ ಒಂದು ಚಮಚದಷ್ಟು. ಸಮ ಎಂದರೆ ಇದು ಸಮ. ಯಾವುದನ್ನು ವಿಷವೆಂದು ಹೆದರಿ ಅತ್ತೆಯನ್ನು ಅಡಿಗೆಮನೆಯಿಂದ ಹೊರಗೆ ಹಾಕಿದರೋ ಅದನ್ನೇ ಅಣ್ಣ ಕೈಯಾರೆ ತಯಾರಿಸಿ, ಗ್ರೂಪಿನಲ್ಲಿ ಹಾಕಿ, ಇಷ್ಟು ವರ್ಷ ಇಡೀ ಕುಟುಂಬದ ಬಾಣಂತಿಯರಿಗೆ ತಿನ್ನಿಸಿದ್ದಾನೆ. ಅವರೆಲ್ಲ ಚೆನ್ನಾಗಿದ್ದಾರೆ. ಮಕ್ಕಳೂ ಚೆನ್ನಾಗಿದ್ದಾರೆ.

ಆ ನಿಯಮ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಸುಳ್ಳೇ ಇರಬೇಕು ಎಂದು ಈಗ ಅನಿಸುತ್ತದೆ. ಅತ್ತೆಗೆ ತೂಕದ ಲೆಕ್ಕ ಗೊತ್ತಿತ್ತು ಎಂದೂ ನಾನು ಹೇಳುವುದಿಲ್ಲ. ಅವರಿಗೆ ಗೊತ್ತಿದ್ದದ್ದು ತಮ್ಮ ಅಮ್ಮ ಹೇಗೆ ಮಾಡುತ್ತಿದ್ದರು ಎನ್ನುವುದಷ್ಟೇ. ಅವರ ಕುಡ್ತೆಯನ್ನು ನಾನು ಅಂಚಿನವರೆಗೆ ತುಂಬಿದ ಹಾಗೆಯೇ ಅವರೂ ಅಂದು ತುಂಬಿದ್ದರೇ? ತುಪ್ಪ ಪೂರ್ತಿ ಕರಗಿತ್ತೇ? ಗೋಡೆ ಹಿಡಿದುಕೊಂಡು ನಿಂತವಳಿಗೆ ಎಷ್ಟು ಕಂಡಿರಬಹುದು? ಇದೆಲ್ಲ ನನ್ನನ್ನು ಕಾಡಿತು. ಆದರೆ ಎಷ್ಟು ಹಿಂದೆ ಮುಂದೆ ಹಿಡಿದರೂ ಒಂದಕ್ಕೆ ಒಂದು ಎನ್ನುವುದು ತೂಕದಲ್ಲಿ ಸಮವಾಗುವುದಿಲ್ಲ.

ಸಿಟ್ಟು ಬಂದದ್ದು ಆಗಲ್ಲ. ಅಂಗಡಿಯ ನೆನಪಾದಾಗ ಬಂತು. ಆ ಅಡಿಗೆಮನೆಯ ಗೋಡೆಯ ಆಚೆ ಅಣ್ಣನ ಅಂಗಡಿ. ಮೊಳೆ, ಬೈಂಡಿಂಗ್ ತಂತಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಅಲ್ಲೇ ಮೇಜಿನ ಮೇಲೆ. ಎದ್ದು ಹೋಗಿ ತರಬಹುದಿತ್ತು. ಇನ್ನೂ ಇದೆ. ಅವನು ಪೈಂಟು ಮಾರುತ್ತಾನೆ. ಒಂದು ಲೀಟರಿನ ಪೈಂಟಿನ ಡಬ್ಬಿ ಕಿಲೋಗಿಂತ ಭಾರ, ಒಂದು ಲೀಟರಿನ ಟರ್ಪೆಂಟೈನು ಕಿಲೋಗಿಂತ ಹಗುರ ಎಂದು ಅವನ ಕೈಗೆ ಗೊತ್ತು. ಪಾರ್ಸೆಲಿನ ಗಾಡಿಯವನ ಹತ್ತಿರ ದಿನಾ ಜಗಳವಾಡುವುದು ಬಾಡಿಗೆ ಲೀಟರಿಗೋ ತೂಕಕ್ಕೋ ಎನ್ನುವುದರ ಮೇಲೆಯೇ. ಅಂಗಡಿಯಲ್ಲಿ ಗೊತ್ತಿದ್ದದ್ದು ಹತ್ತು ಹೆಜ್ಜೆ ನಡೆದು ಅಡಿಗೆಮನೆಗೆ ಬರುವಷ್ಟರಲ್ಲಿ ಎಲ್ಲಿ ಹೋಯಿತು? ಗಿರಾಕಿ ಬಂದು ನಿನ್ನ ಪೈಂಟು ಕಡಿಮೆ ಇದೆ ಎಂದರೆ ತೂಗಿ ತೋರಿಸುತ್ತಿದ್ದ. ಅತ್ತೆಗೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ಪ್ರಾಯ ಆಯ್ತು ಎನ್ನುವ ಮಾತು.

ಭಾನುವಾರ ಮಂಡೆಕೋಲಿಗೆ ಹೋದೆ. ತಕ್ಕಡಿಯನ್ನೂ ಕುಡ್ತೆಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಬಾಗಿಲು ತೆರೆದದ್ದು ಅತ್ತೆಯ ಸೊಸೆ. ಅತ್ತೆ ಒಳಗೆ ಸ್ನಾನ ಮಾಡುತ್ತಿದ್ದರು.

"ಅಡಿಗೆ ಮಾಡ್ತಾರಾ ಈಗ?" ಎಂದು ಕೇಳಿದೆ.

"ಎಲ್ಲಿಯ ಅಡಿಗೆ! ಒಲೆ ಹತ್ರ ಬರುದೇ ಇಲ್ಲ. ಸಾರಿಗೆ ಒಂದು ಉಪ್ಪು ಹಾಕಿ ಅತ್ತೆ ಅಂದ್ರೆ, ನೀನೇ ಹಾಕು, ನಂದು ತಪ್ಪಿದ್ರೆ ಕಷ್ಟ ಅಂತಾರೆ. ಬಾಯಿ ಮಾತ್ರ ಮೊದಲಿನ ಹಾಗೇ ಉಂಟು. ಹಾಕಿದ್ದಕ್ಕೆಲ್ಲ ಕೊರತೆ ಹೇಳುದು."

ಅತ್ತೆ ಹೊರಗೆ ಬಂದರು. ಸಣ್ಣಗಾಗಿದ್ದರು. "ಎಂತ, ದಾರಿ ತಪ್ಪಿತಾ?" ಎಂದರು. ಮಗಳು ಎಷ್ಟನೇ ಕ್ಲಾಸು, ಯಾಕೆ ಕರ್ಕೊಂಡು ಬರ್ಲಿಲ್ಲ, ನೀನೆಂತ ಇಷ್ಟು ದಪ್ಪ ಆಗಿದ್ದಿ ಎಂದೆಲ್ಲ ಆದ ಮೇಲೆ ನಾನು ತಕ್ಕಡಿ ತೆಗೆದೆ. ಅವರ ಸೊಸೆಯಿಂದ ತುಪ್ಪ, ಜೇನು ತರಿಸಿದೆ. ತೂಗಿ ತೋರಿಸಿದೆ. ಅಣ್ಣನ ಲೆಕ್ಕವನ್ನೂ ತೋರಿಸಿದೆ. ನನ್ನ ಧ್ವನಿ ತರಗತಿಯಲ್ಲಿ ಪಾಠ ಮಾಡುವ ಹಾಗೆ ಏರುತ್ತಿತ್ತು. ಅವರು ಕೂಗಾಡುತ್ತಾರೆ, ಅಳುತ್ತಾರೆ, ನಗುತ್ತಾರೆ, ಏನಾದರೂ ಮಾಡುತ್ತಾರೆ ಎಂದುಕೊಂಡಿದ್ದೆ.

ಅತ್ತೆ ಕುಡ್ತೆಯನ್ನು ಎತ್ತಿ ಅದರ ಚಪ್ಪಟೆ ಅಂಚನ್ನು ಬೆರಳಿನಿಂದ ತಡವಿದರು. "ಇದು ನಿನ್ನತ್ರ ಉಂಟಾ? ಬಿಸಾಡಿರ್ಬೇಕು ಅಂತ ಎಣಿಸಿದ್ದೆ."

"ನೀವು ಬಿಟ್ಟು ಹೋದದ್ದಾ, ಮರ್ತು ಹೋದದ್ದಾ ಅತ್ತೆ?"

"ಗೊತ್ತಿಲ್ಲ ಮಗಾ." ಕುಡ್ತೆಯನ್ನು ತಿರುಗಿಸಿ ನೋಡುತ್ತಾ ಹೇಳಿದರು, "ಜೇನು ಎರಡು ಸರ್ತಿ ಹಾಕಿದೆನೋ, ತುಪ್ಪ ಎರಡು ಸರ್ತಿ ಹಾಕಿದೆನೋ ಅಂತ ನಂಗೂ ಮತ್ತೆ ಡೌಟು ಬಂತು. ಬಸ್ಸಲ್ಲಿ ಕೂತು ಎಷ್ಟು ಎಣಿಸಿದ್ರೂ ಗೊತ್ತಾಗ್ಲಿಲ್ಲ. ಅವ ಅಷ್ಟು ಸರಿಯಾಗಿ ಹೇಳುವಾಗ ಇರ್ಬೋದು ಅಂತ ಆಯ್ತು."

"ನಾನು ನೋಡಿದ್ದೇನೆ. ಒಂದೇ ಸರ್ತಿ ತುಪ್ಪ ಹಾಕಿದ್ದು."

"ಜೇನು ಹಾಕುವಾಗ ಇದ್ದಿಯಾ?"

ಇರಲಿಲ್ಲ. ನಾನು ಮಲಗಿದ್ದೆ. ಅದನ್ನು ಅವರ ಮುಂದೆ ಹೇಳಬೇಕಾಯಿತು. ನನ್ನ ನೆನಪನ್ನು ನಾನು ಅನುಮಾನಿಸುವುದು ಓದಿನಿಂದ ಬಂದ ಅಭ್ಯಾಸ. ಬೇಕೆಂದಾಗ ಅನುಮಾನಿಸುತ್ತೇನೆ, ಬೇಡವೆಂದಾಗ ಬಿಡುತ್ತೇನೆ, ಅದಕ್ಕೆ ಸಂಬಳವೂ ಬರುತ್ತದೆ. ಅತ್ತೆಗೆ ಆ ಅನುಮಾನವನ್ನು ಬೇರೆಯವರು ತಂದು ಹಾಕಿದರು. ಅದು ಅವರ ಕೈಯಿಂದ ಉಪ್ಪನ್ನೂ ಕಿತ್ತುಕೊಂಡಿತು.

"ಅಣ್ಣನ ಮಗಳಿಗೆ ಮುಂದಿನ ತಿಂಗಳು ದಿನ" ಎಂದೆ. "ನೀವೇ ಲೇಹ ಮಾಡ್ಬೇಕಂತೆ ಅವಳಿಗೆ."

"ಅವಳಿಗೆ ಬೇಕು. ನಿಂಗೆ ಬೇಕು." ಅತ್ತೆ ಕುಡ್ತೆಯನ್ನು ನನ್ನ ಚೀಲದ ಪಕ್ಕ ಇಟ್ಟರು, ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಗ್ರಾಮು ಗೀಮು ನಂಗೆ ಬೇಡ ಮಾರಾಯ್ತಿ. ನಿನ್ನ ಅಣ್ಣ ಹೇಳಿದ್ನಾ ಬರ್ಲಿಕ್ಕೆ? ಅವ ಹೇಳ್ಲಿ. ಅವ್ರ ಮನೆ ಅಡಿಗೆಕೋಣೆಗೆ ನಾನು ಸುಮ್ನೆ ಹೋಗಿ ನಿಲ್ಲುದಾ?"

ಅಲ್ಲಿಂದ ನೇರ ಸುಳ್ಯಕ್ಕೆ ಬಂದೆ. ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಅಣ್ಣ ಯಾರಿಗೋ ಮೊಳೆ ತೂಗಿಟ್ಟು ಕಾಯುತ್ತಿದ್ದ. ನಾನು ಅವನದೇ ತಕ್ಕಡಿಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಬರುವ ದಾರಿಯಲ್ಲಿ ಜೇನಿನ ಬಾಟಲಿ, ತುಪ್ಪದ ಬಾಟಲಿ ಕೊಂಡುಕೊಂಡಿದ್ದೆ. ತುಪ್ಪ ಗಟ್ಟಿಯಾಗಿರಲಿಲ್ಲ, ಅಂಗಡಿಯ ಶೀಟಿನ ಚಾವಣಿಯ ಸೆಕೆಗೆ ನೀರಾಗಿತ್ತು. ಕುಡ್ತೆಯಲ್ಲಿ ಹೊಯ್ದು ಮೂರು ಸಲ ತೂಗಿದೆ. ಅವನ ಲೆಕ್ಕ ಬಂದಾಗ ಅಂಕಿಯನ್ನು ಅವನ ಮುಂದೆ ಹಿಡಿದೆ. ಅವನು ದಡ್ಡನಲ್ಲ. ಒಂದೇ ನೋಟಕ್ಕೆ ಅರ್ಥವಾಯಿತು. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ, ಅಥವಾ ನೋಡಬೇಕೆಂದು ಇಷ್ಟಪಟ್ಟೆ.

"ಮೇಜೆಲ್ಲ ಅಂಟು ಮಾಡಿದಿ" ಎಂದ.

"ಒರೆಸಿ ಕೊಡ್ತೇನೆ. ನೋಡಿದ್ಯಾ?"

"ನೋಡಿದೆ. ಆಯ್ತಲ್ಲ. ಇಷ್ಟು ವರ್ಷ ತಿಂದವರಿಗೆ ಯಾರಿಗಾದ್ರೂ ಎಂತಾದ್ರೂ ಆಯ್ತಾ? ಇಲ್ಲಲ್ಲ. ಮತ್ತೆ ಎಂತಕ್ಕೆ ಈಗ ಈ ರಾಮಾಯಣ?"

"ಅದನ್ನೇ ನಾನು ಕೇಳುದು. ನೀನು ಸಮ ಹಾಕಿದ್ದು ಯಾರಿಗೂ ವಿಷ ಆಗ್ಲಿಲ್ಲ. ಅತ್ತೆ ಸಮ ಹಾಕದೇ ಇದ್ದದ್ದು ನಂಗೆ ವಿಷ ಆದದ್ದು ಹೇಗೆ?"

"ನಿಂಗೆ ಹುಷಾರಿಲ್ಲದಾಗ ನಾನು ಲೆಕ್ಕ ಮಾಡ್ತಾ ಕೂತ್ಕೊಳ್ಬೇಕಿತ್ತಾ? ಹೆದರಿಕೆ ಆಗಿತ್ತು ನಂಗೆ. ನಿನ್ನನ್ನು ಕಳ್ಕೊಳ್ತೇವೆ ಅಂತ ಆಗಿತ್ತು. ಅದು ನೆನಪುಂಟಾ ನಿಂಗೆ?"

"ಉಂಟು. ಕಾರಿನಲ್ಲಿ ನಿನ್ನ ಕಣ್ಣು ಕೆಂಪಾಗಿದ್ದದ್ದೂ ನೆನಪುಂಟು. ಪುತ್ತೂರಿಂದ ವಾಪಸ್ ಬಂದ ಮೇಲೆ? ಡಾಕ್ಟರು ಹೇಳಿದ ಮೇಲೆ? ಆಗ ಎಂತ ಹೆದರಿಕೆ ನಿಂಗೆ?"

ಅವನು ತಕ್ಕಡಿಯ ಮೇಲೆ ಬಿದ್ದ ಜೇನನ್ನು ಬೆರಳಿನಿಂದ ಒರೆಸಿ, ಎಲ್ಲಿ ಉಜ್ಜುವುದೆಂದು ತಿಳಿಯದೆ ಬೆರಳನ್ನು ಹಾಗೇ ಹಿಡಿದುಕೊಂಡಿದ್ದ. ನನಗೆ ಅವನ ಮೇಲೆ ಒಂದು ಕ್ಷಣ ಪಾಪ ಎನಿಸಿತು, ಹಾಗೆ ಎನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು. ಈ ಪಾಪದಲ್ಲೇ ನಮ್ಮ ಮನೆಯಲ್ಲಿ ಎಲ್ಲ ವಿಷಯಗಳೂ ಮುಚ್ಚಿಹೋಗುವುದು. ಅವ್ವ ಒಳಗಿನಿಂದ ಚಹಾಕ್ಕೆ ಕರೆದಳು. ಮೊಳೆಯವನು ಬಂದು ಹೊರಗೆ ಬೈಕು ನಿಲ್ಲಿಸಿದ.

"ಗಿರಾಕಿ ಉಂಟು" ಎಂದ ಅಣ್ಣ. "ಮತ್ತೆ ಮಾತಾಡುವ."

ಅದಾಗಿ ಎರಡು ವಾರ ಕಳೆದಿವೆ. ಅಣ್ಣನ ಮಗಳ ಹೊಟ್ಟೆ ಇಳಿದಿದೆಯಂತೆ, ಇನ್ನು ಯಾವಾಗ ಬೇಕಾದರೂ ಹೆರಿಗೆಯಾಗಬಹುದು ಎಂದು ಅವ್ವ ಫೋನಿನಲ್ಲಿ ಹೇಳುತ್ತಾಳೆ. ತಾಟಿಬೆಲ್ಲ ತಂದಿಟ್ಟಿದ್ದಾರಂತೆ, ಮೆಂತೆ ಬಿಸಿಲಿಗೆ ಹಾಕಿದ್ದಾರಂತೆ. ಯಾರು ಮಾಡುವುದು ಎಂದು ಕೇಳಿದರೆ, "ನಿನ್ನ ಅಣ್ಣನತ್ರ ಕೇಳು" ಎನ್ನುತ್ತಾಳೆ. ಕುಡ್ತೆ ನನ್ನ ಅಡಿಗೆಮನೆಯಲ್ಲಿದೆ, ತೊಳೆದಿಲ್ಲ, ಒಳಗೆ ತುಪ್ಪದ ಪಸೆ ಹಾಗೇ ಇದೆ. ಅಣ್ಣನನ್ನು ಅಂದು ಅಂಗಡಿಯ ಮೆಟ್ಟಿಲಲ್ಲಿ ನಿಂತು, ಮೊಳೆಯವನಿಗೂ ಕೇಳುವ ಹಾಗೆ ಇದನ್ನೇ ಕೇಳಿದ್ದೆ. ಆಮೇಲೆ ಮೊಬೈಲಿನಲ್ಲೂ ಬರೆದು ಕಳಿಸಿದೆ, ಅವನು ಅದನ್ನು ನೋಡಿದ್ದಾನೆ ಎಂದು ತೋರಿಸುತ್ತಿದೆ:

"ಅಣ್ಣಾ, ಮಂಡೆಕೋಲಿಗೆ ಫೋನ್ ಮಾಡಿ, ‘ಅತ್ತೇ, ನಾನು ಹೇಳಿದ್ದು ತಪ್ಪು, ನನ್ನ ಮಗಳ ಲೇಹ ನೀವೇ ಬಂದು ಮಾಡಿ’ ಅಂತ ಹೇಳುದು ಯಾವಾಗ ನೀನು?"